ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತಿದೆಯೇ? ಕ್ಯಾಮರಾ ರಿಪೇರಿಗೆ ಕೊಡುವ ಮೊದಲು ಹೀಗೆ ಪರೀಕ್ಷಿಸಿ

ಆಟ (ಯಕ್ಷಗಾನ), ಕೋಲ (ಭೂತಾರಾಧನೆ), ಜಾತ್ರೆಗಳ ಕಾಲ ಶುರುವಾದರೆ ಸಾಕು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಎಲ್ಲ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ರಾತ್ರಿ ಯಕ್ಷಗಾನದ ಫೋಟೋ ತೆಗೆದೆ. ಎಲ್ಲದರಲ್ಲೂ ಅಡ್ಡಕ್ಕೆ ಕಪ್ಪು ಪಟ್ಟಿ. ಸೆನ್ಸರ್ ಹೋಯಿತೇ? ಮಂಗಳೂರಿಗೆ ರಿಪೇರಿಗೆ ಕೊಡಬೇಕೇ?"

ಬಹುಪಾಲು ಸಂದರ್ಭಗಳಲ್ಲಿ ಸೆನ್ಸರಿಗಾಗಲಿ (ಚಿತ್ರ ಹಿಡಿಯುವ ಚಿಪ್), ಕ್ಯಾಮರಾಕ್ಕಾಗಲಿ ಏನೂ ಆಗಿರುವುದಿಲ್ಲ, ತೊಂದರೆ ಇರುವುದು ದೀಪದಲ್ಲಿ. ಆದರೆ ಎಲ್ಲ ಪಟ್ಟಿಗಳೂ ದೀಪದವಲ್ಲ. ಫ್ಲಾಶ್‌ನಿಂದ ಬರುವುದುಂಟು, ಫಿಲ್ಟರ್‌ನಿಂದ ಬರುವುದುಂಟು, ನಿಜವಾಗಿಯೂ ಶಟರ್ (ಬೆಳಕನ್ನು ಒಳಬಿಟ್ಟು ತಡೆಯುವ ಬಾಗಿಲು) ಕೆಟ್ಟು ಬರುವುದೂ ಉಂಟು. ಯಾವುದರಿಂದ ಬಂತೆಂದು ಪಟ್ಟಿಯೇ ಹೇಳುತ್ತದೆ, ಅದನ್ನು ನೋಡುವ ಕ್ರಮ ಗೊತ್ತಿರಬೇಕು ಅಷ್ಟೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ, ಹೇಳಿದ ಕಡೆ ಬಿಟ್ಟು ನಡುವೆ ಹಾರಿಸಬೇಡಿ.

ಬೇಕಾದದ್ದು: ನಿಮ್ಮ ಕ್ಯಾಮರಾ, ಚಾರ್ಜ್ ಆದ ಬ್ಯಾಟರಿ, ಖಾಲಿ ಮೆಮೊರಿ ಕಾರ್ಡ್, ಬಣ್ಣ ಬಳಿದ ಒಂದು ಬೋಳು ಗೋಡೆ, ಮತ್ತು ಕೈಯಾರೆ ಶಟರ್ ವೇಗ (ಬೆಳಕು ಒಳಬಿಡುವ ಹೊತ್ತು; 1/100 ಎಂದರೆ ಸೆಕೆಂಡಿನ ನೂರನೇ ಒಂದು ಭಾಗ) ಬದಲಿಸಲು ಬರುವ ಮೊಬೈಲ್. ಪಟ್ಟಿ ಬಿದ್ದ ಹಳೆಯ ಫೋಟೋಗಳನ್ನು ಅಳಿಸಬೇಡಿ.

ಹಂತ 1: ಪಟ್ಟಿಯನ್ನು ಸರಿಯಾಗಿ ನೋಡಿ

ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಕ್ಯಾಮರಾದ ಪರದೆಯ ಮೇಲೆ ಗುರಿ ಹಿಡಿಯುವಾಗ ಪಟ್ಟಿಗಳು ಹರಿದಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪರದೆಯಲ್ಲಿ ಕಂಡದ್ದು ಫೋಟೋದಲ್ಲಿ ಇರಬೇಕೆಂದಿಲ್ಲ. ತೆಗೆದ ಫೋಟೋ ಮಾತ್ರ ಸಾಕ್ಷಿ.

ಒಂದೇ ಕಡೆ ಒಂದರ ಹಿಂದೆ ಒಂದು ತೆಗೆದ ನಾಲ್ಕೈದು ಫೋಟೋಗಳನ್ನು ಹೋಲಿಸಿ. ಪಟ್ಟಿ ಪ್ರತಿ ಫೋಟೋದಲ್ಲಿ ಜಾಗ ಬದಲಿಸಿದೆಯೇ, ಅದರ ಅಂಚು ಮಸುಕಾಗಿ ಕರಗುತ್ತದೆಯೇ, ಒಂದಕ್ಕಿಂತ ಹೆಚ್ಚು ಪಟ್ಟಿಗಳು ಸಮಾನ ಅಂತರದಲ್ಲಿವೆಯೇ? ಹಾಗಿದ್ದರೆ ದೀಪದ ಮಿನುಗು. ಪಟ್ಟಿ ಯಾವಾಗಲೂ ಫೋಟೋದ ಒಂದೇ ಅಂಚಿನಲ್ಲಿದ್ದು, ಫ್ಲಾಶ್ ಹಾಕಿದಾಗ ಮಾತ್ರ ಬಂದರೆ ಫ್ಲಾಶ್ ಮತ್ತು ಶಟರ್‌ನ ಹೊಂದಾಣಿಕೆ ತಪ್ಪಿದೆ. ಹಗಲು ಬಯಲಿನಲ್ಲಿ, ವೇಗದ ಶಟರ್‌ನಲ್ಲಿ ಬಂದರೆ ಶಟರ್ ಮೇಲೆ ಸಂಶಯಪಡಬಹುದು. ನೀಲಿ ಆಕಾಶದಲ್ಲಿ ಮಾತ್ರ ಕಂಡರೆ ಫಿಲ್ಟರ್. ಕತ್ತಲೆಯ ಭಾಗವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದಾಗ ಮಾತ್ರ ಸಣ್ಣ ಗೆರೆಗಳು ಎದ್ದರೆ ಅದು ಸೆನ್ಸರ್‌ನ ಗದ್ದಲ (ನಾಯ್ಸ್).

ಫೋಟೋದ ಮೇಲರ್ಧ ಸರಿಯಾಗಿದ್ದು ಕೆಳಗರ್ಧ ಬೂದು ಬಣ್ಣದ ಚೌಕಗಳಾಗಿದ್ದರೆ ಅದು ಈ ಲೇಖನದ ವಿಷಯವೇ ಅಲ್ಲ. ಕಾರ್ಡ್ ಅಥವಾ ಕಾರ್ಡ್ ರೀಡರ್ ಕೈಕೊಟ್ಟಿದೆ. ಆ ಕಾರ್ಡಿಗೆ ಮತ್ತೇನೂ ತುಂಬಿಸದೆ ಪಕ್ಕಕ್ಕಿಡಿ.

ಜೊತೆಗೆ ಪ್ರತಿ ಫೋಟೋದೊಳಗೆ ದಾಖಲಾಗಿರುವ ವಿವರ ತೆರೆದು ಮೂರು ಸಂಗತಿ ಬರೆದುಕೊಳ್ಳಿ: ಶಟರ್ ವೇಗ, ಫ್ಲಾಶ್ ಹೊತ್ತಿತ್ತೇ ಇಲ್ಲವೇ, ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಎಷ್ಟು. ಶಟರ್ ಯಾಂತ್ರಿಕವೋ (ಪರದೆ ಸರಿಯುವಂಥದ್ದು) ಎಲೆಕ್ಟ್ರಾನಿಕ್ಕೋ (ಪರದೆ ಇಲ್ಲದೆ ಸೆನ್ಸರೇ ಮಾಡುವಂಥದ್ದು) ಎಂಬುದನ್ನು ಕ್ಯಾಮರಾದ ಮೆನುವಿನಲ್ಲಿ ನೋಡಿ. 'ಸೈಲೆಂಟ್' ಎಂದು ಇದ್ದರೆ ಅದು ಎಲೆಕ್ಟ್ರಾನಿಕ್. ದೇವಸ್ಥಾನದೊಳಗೆ ಸದ್ದಾಗಬಾರದೆಂದು ಅದನ್ನು ಹಾಕಿ, ಆಮೇಲೆ ತೆಗೆಯಲು ಮರೆಯುವವರು ತುಂಬ ಮಂದಿ.

ಹಂತ 2: ಹಗಲಿನ ಪರೀಕ್ಷೆ

ಸೂರ್ಯನ ಬೆಳಕು ಮಿನುಗುವುದಿಲ್ಲ. ಆದ್ದರಿಂದ ಹಗಲಲ್ಲಿ ಪಟ್ಟಿ ಬಂದರೆ ಕ್ಯಾಮರಾದ್ದು, ಬಾರದಿದ್ದರೆ ದೀಪದ್ದು ಅಥವಾ ಫ್ಲಾಶ್, ಫಿಲ್ಟರ್‌ನದ್ದು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಕ್ಯಾಮರಾವನ್ನು ಅಂಗಡಿಗೆ ಒಯ್ಯುವುದು ಹಣ ಮತ್ತು ಸಮಯ ಎರಡಕ್ಕೂ ನಷ್ಟ.

ಬಿಸಿಲು ನೇರ ಬೀಳದ, ನೆರಳಿನಲ್ಲಿರುವ ಹೊರಗೋಡೆಯ ಎದುರು ನಿಲ್ಲಿ. ಹತ್ತಿರದ ಎಲ್ಲ ದೀಪ ಆರಿಸಿ. ಕ್ಯಾಮರಾವನ್ನು ಮ್ಯಾನ್ಯುವಲ್‌ಗೆ ತನ್ನಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 5.6, ಐಎಸ್‌ಒ ಆಟೋ, ಫ್ಲಾಶ್ ಬಂದ್, ಲೆನ್ಸ್ ಮೇಲಿನ ಫಿಲ್ಟರ್ ಮತ್ತು ಹುಡ್ ತೆಗೆದಿಡಿ. ಯಾಂತ್ರಿಕ ಶಟರ್ ಆಯ್ದುಕೊಂಡು 1/125, 1/500, 1/1000, 1/2000, 1/4000 ವೇಗಗಳಲ್ಲಿ ಐದೈದು ಫೋಟೋ ತೆಗೆಯಿರಿ. ಅದೇ ಸಾಲನ್ನು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇನ್ನೊಮ್ಮೆ ತೆಗೆಯಿರಿ.

ಎರಡರಲ್ಲೂ ಗೋಡೆ ಸಮನಾಗಿ ಬಂದರೆ ನೆಮ್ಮದಿಯಿಂದ ಹಂತ 3ಕ್ಕೆ ಹೋಗಿ. ಯಾಂತ್ರಿಕ ಶಟರ್‌ನಲ್ಲಿ ಮಾತ್ರ, ಅದೂ 1/2000ದಿಂದ ಮೇಲೆ, ಒಂದು ಅಂಚು ಕಪ್ಪಾದರೆ ನೇರ ಹಂತ 8 ಓದಿ. ಎರಡರಲ್ಲೂ ಒಂದೇ ಜಾಗದಲ್ಲಿ ಗೆರೆ ಇದ್ದರೆ ಬೇರೆ ಲೆನ್ಸ್ ಹಾಕಿ ನೋಡಿ. ಆಗಲೂ ಇದ್ದರೆ ಸೆನ್ಸರ್ ಅಥವಾ ಅದರ ಹಿಂದಿನ ಸರ್ಕ್ಯೂಟ್‌ನ ತೊಂದರೆ. ಅದು ಮನೆಯಲ್ಲಿ ಸರಿಮಾಡುವ ಕೆಲಸವಲ್ಲ.

ಹಂತ 3: ದೀಪ ಮಿನುಗುತ್ತಿದೆಯೇ ನೋಡಿ

ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸಿ ಮರಳುವಂಥದು. ಪ್ರತಿ ಆವರ್ತನದಲ್ಲಿ ಎರಡು ಬಾರಿ ಏರಿಳಿಯುವುದರಿಂದ ದೀಪ ಸೆಕೆಂಡಿಗೆ 100 ಬಾರಿ ಬೆಳಗಿ ಮಂಕಾಗುತ್ತದೆ. ಒಂದು ಮಿನುಗಿಗೆ 10 ಮಿಲಿಸೆಕೆಂಡ್. ಕಣ್ಣಿಗೆ ಇದು ತಿಳಿಯುವುದಿಲ್ಲ, ಕ್ಯಾಮರಾಕ್ಕೆ ತಿಳಿಯುತ್ತದೆ.

ಕಾರಣ, ಸಾಮಾನ್ಯ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಹಿಡಿಯುವುದಿಲ್ಲ. ನಾವು ಪುಟ ಓದುವ ಹಾಗೆ ಒಂದು ತುದಿಯಿಂದ ಸಾಲು ಸಾಲಾಗಿ ಓದಿಕೊಂಡು ಹೋಗುತ್ತದೆ. ಇದನ್ನು ರೋಲಿಂಗ್ ಶಟರ್ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ಓದು ಮುಗಿಯಲು ಹಲವು ಕ್ಯಾಮರಾಗಳಿಗೆ 1/15ರಿಂದ 1/60 ಸೆಕೆಂಡ್ ಬೇಕು. ಅಷ್ಟರಲ್ಲಿ ದೀಪ ಹಲವು ಬಾರಿ ಏರಿ ಇಳಿದಿರುತ್ತದೆ. ದೀಪ ಮಂಕಾದಾಗ ಓದಿದ ಸಾಲುಗಳು ಕಪ್ಪು ಪಟ್ಟಿ, ಬೆಳಗಿದಾಗ ಓದಿದವು ಬಿಳಿ ಪಟ್ಟಿ.

ಇದರಿಂದ ಒಂದು ಉಪಯುಕ್ತ ಲೆಕ್ಕ ಸಿಗುತ್ತದೆ. ಇಂಥ ದೀಪದ ಕೆಳಗೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ 1/1000 ವೇಗಕ್ಕೆ ಗೋಡೆಯ ಫೋಟೋ ತೆಗೆದು ಕಪ್ಪು ಪಟ್ಟಿಗಳನ್ನು ಎಣಿಸಿ. ಐದು ಇದ್ದರೆ ಓದುವ ಸಮಯ ಸುಮಾರು 50 ಮಿಲಿಸೆಕೆಂಡ್, ಅಂದರೆ 1/20 ಸೆಕೆಂಡ್. ನಿಮ್ಮ ಕ್ಯಾಮರಾದ ಸೈಲೆಂಟ್ ಶಟರ್ ಎಷ್ಟು ನಿಧಾನವೆಂದು ಇದರಿಂದಲೇ ಗೊತ್ತಾಗುತ್ತದೆ. ಐದಾರರ ಬದಲು ಹತ್ತಾರು ತೆಳು ಗೆರೆಗಳು ಬಂದರೆ ಆ ದೀಪ 100 ಹರ್ಟ್ಸ್‌ನದ್ದಲ್ಲ. ಬೆಳಕನ್ನು ಕಡಿಮೆ ಮಾಡಲು ಅದು ತನ್ನನ್ನು ತಾನೇ ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಆರಿಸಿ ಹೊತ್ತಿಸುತ್ತಿದೆ. ರಂಗದ ಬಣ್ಣದ ಎಲ್‌ಇಡಿಗಳಲ್ಲಿ ಇದು ಸಾಮಾನ್ಯ.

ಯಾಂತ್ರಿಕ ಶಟರ್‌ನಲ್ಲಿ ಸೆನ್ಸರಿನ ಮುಂದೆ ಸರಿಯುವ ಪರದೆ ಅದನ್ನು ದಾಟಲು ಮೂರ್ನಾಲ್ಕು ಮಿಲಿಸೆಕೆಂಡ್ ಸಾಕು. ಹಾಗಾಗಿ ಹಲವು ಪಟ್ಟಿಗಳು ಬರುವುದಿಲ್ಲ. ಫೋಟೋದ ಒಂದು ಬದಿ ಮಂಕು, ಇನ್ನೊಂದು ಬದಿ ಬೆಳಕು. ಸಾಲಾಗಿ ತೆಗೆದರೆ ಒಂದು ಫೋಟೋ ಕಪ್ಪು, ಮುಂದಿನದು ಸರಿ, ಅದರ ಮುಂದಿನದು ಹಳದಿ.

ಎಲ್ಲ ದೀಪಗಳೂ ಒಂದೇ ರೀತಿ ಮಿನುಗುವುದಿಲ್ಲ. ಹ್ಯಾಲೊಜೆನ್ ಮತ್ತು ಹಳೆಯ ತಂತಿ ಬಲ್ಬ್‌ಗಳಲ್ಲಿ ತಂತಿ ಕಾದೇ ಇರುವುದರಿಂದ ಏರಿಳಿತ ಅಲ್ಪ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಚೆನ್ನಾಗಿಯೇ ಮಿನುಗುತ್ತದೆ, ಬಣ್ಣವನ್ನೂ ಬದಲಿಸುತ್ತದೆ. ಪಟ್ಟಿ ಕಂದು ಅಥವಾ ಹಳದಿಯಾಗಿ ಕಾಣುವುದು ಅದಕ್ಕೇ. ಅಗ್ಗದ ಎಲ್‌ಇಡಿಗಳಲ್ಲಿ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಪುಟ್ಟ ಸರ್ಕ್ಯೂಟ್, ಏರಿಳಿತವನ್ನು ತಡೆಯುವುದಿಲ್ಲ. ದೀಪಸ್ತಂಭ, ಸೂಟೆ, ಕಾಲುದೀಪದ ಬೆಂಕಿಗೆ ಈ 100 ಹರ್ಟ್ಸ್ ಕಾಟವೇ ಇಲ್ಲ. ಕೋಲದ ಫೋಟೋದಲ್ಲಿ ಪಟ್ಟಿ ಬಿದ್ದಿದ್ದರೆ ಬೆಂಕಿಯದ್ದಲ್ಲ, ಚಪ್ಪರಕ್ಕೆ ಕಟ್ಟಿದ ಟ್ಯೂಬ್‌ಲೈಟಿನದ್ದು.

ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಪರೀಕ್ಷಿಸಬಹುದು. ಮೊಬೈಲ್ ಕ್ಯಾಮರಾವನ್ನು ಪ್ರೊ ವಿಧಾನಕ್ಕೆ ತಂದು ಶಟರ್ 1/2000 ಇಡಿ. ಒಂದೊಂದು ದೀಪ ಬೆಳಗುವ ಜಾಗಕ್ಕೆ ಹಿಡಿಯಿರಿ. ಪರದೆಯಲ್ಲಿ ದಟ್ಟ ಪಟ್ಟಿಗಳು ಓಡಿದರೆ ಆ ದೀಪ ಕೆಟ್ಟದ್ದು. ರಂಗಸ್ಥಳದ ಎಡದ ದೀಪ ಮಿನುಗಿ ಬಲದ್ದು ಮಿನುಗದಿರುವುದೂ ಇದೆ. ಆಗ ನೀವು ಕುಳಿತುಕೊಳ್ಳುವ ಬದಿ ಬದಲಿಸಿದರೆ ಅರ್ಧ ಸಮಸ್ಯೆ ಹೋಯಿತು.

ಹಂತ 4: ಶಟರ್ ವೇಗವನ್ನು ದೀಪಕ್ಕೆ ಹೊಂದಿಸಿ

ಮದ್ದು ಇಷ್ಟೇ: ಶಟರ್ ತೆರೆದಿರುವ ಸಮಯ ಪೂರ್ತಿ ಮಿನುಗುಗಳ ಲೆಕ್ಕಕ್ಕೆ ಸರಿಹೊಂದಬೇಕು. 1/100ರಲ್ಲಿ ಒಂದು ಪೂರ್ತಿ ಮಿನುಗು, 1/50ರಲ್ಲಿ ಎರಡು, 1/25ರಲ್ಲಿ ನಾಲ್ಕು. ಪ್ರತಿ ಸಾಲಿಗೂ ಸಮಾನ ಬೆಳಕು ಸಿಗುತ್ತದೆ, ಪಟ್ಟಿ ಮಾಯ. 1/125ರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು ಮಿನುಗು ಸಿಗುವುದರಿಂದ ತೆಳು ಪಟ್ಟಿ ಉಳಿಯುತ್ತದೆ. 1/60ರಲ್ಲೂ ಹಾಗೆಯೇ. 1/200ರಿಂದ ಮೇಲೆ ಪಟ್ಟಿ ಗಾಢವಾಗುತ್ತದೆ.

ಮಾಡುವ ಕ್ರಮ: ಶಟರ್ ಆದ್ಯತೆಯ ವಿಧಾನ, ಅಂದರೆ ಡಯಲ್ ಮೇಲೆ ಎಸ್ (S) ಅಥವಾ ಟಿವಿ (Tv) ಎಂದು ಬರೆದಿರುವಂಥದ್ದು, ಇಲ್ಲವೇ ಮ್ಯಾನ್ಯುವಲ್ ಆರಿಸಿ. ಶಟರ್ 1/100 ಇಡಿ. ಅಪರ್ಚರ್ ನಿಮ್ಮ ಲೆನ್ಸ್‌ನ ಅತಿ ದೊಡ್ಡದು (ಅತಿ ಸಣ್ಣ ಎಫ್ ಅಂಕಿ), ಐಎಸ್‌ಒ ಆಟೋ. 1/400ರಿಂದ 1/100ಕ್ಕೆ ಇಳಿದಾಗ ನಾಲ್ಕು ಪಟ್ಟು ಬೆಳಕು ಸಿಗುವುದರಿಂದ ಐಎಸ್‌ಒ 6400 ಬೇಕಿದ್ದಲ್ಲಿ 1600 ಸಾಕಾಗುತ್ತದೆ. ಫೋಟೋ ಕಾಳುಕಾಳಾಗುವುದೂ ತಗ್ಗುತ್ತದೆ.

ಇಲ್ಲಿ ಎಡವುವ ಜಾಗಗಳು ಕೆಲವು. ಅಪರ್ಚರ್ ಆದ್ಯತೆಯಲ್ಲಿ ಬಿಟ್ಟರೆ ಬೆಳಕು ಬದಲಾದಂತೆ ಶಟರ್ ತಾನಾಗಿ 1/125ಕ್ಕೋ 1/160ಕ್ಕೋ ಜಾರುತ್ತದೆ. ಇನ್ನೊಂದು, ಮೆನುವಿನಲ್ಲಿ ಎಕ್ಸ್‌ಪೋಶರ್ ಹೆಜ್ಜೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವ ಅಳತೆ) ಎಂದಿದ್ದರೆ 1/60, 1/90, 1/125 ಮಾತ್ರ ಸಿಗುತ್ತದೆ, 1/100 ಸಿಗುವುದೇ ಇಲ್ಲ. "ನನ್ನ ಕ್ಯಾಮರಾದಲ್ಲಿ 1/100 ಇಲ್ಲ" ಎನ್ನುವವರು ಆ ಹೆಜ್ಜೆಯನ್ನು ಮೂರನೇ ಒಂದು ಸ್ಟಾಪ್‌ಗೆ ಬದಲಿಸಿಕೊಳ್ಳಿ.

ಬಯಲಾಟಕ್ಕೆ ಜನರೇಟರ್ ಇಟ್ಟಿದ್ದರೆ ಅದರ ಆವರ್ತನ ನಿಖರವಾಗಿ 50 ಇರುವುದಿಲ್ಲ, ಭಾರ ಏರಿಳಿದಂತೆ ತುಸು ಅತ್ತಿತ್ತ ಆಗುತ್ತದೆ. 1/100ರಲ್ಲಿ ನಸು ಪಟ್ಟಿ ಉಳಿದರೆ 1/50ಕ್ಕೆ ಇಳಿಸಿ. ಸಮಯ ಹೆಚ್ಚಾದಷ್ಟೂ ಆ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ.

ವಿಡಿಯೋ ತೆಗೆಯುವವರು ಕ್ಯಾಮರಾವನ್ನು ಪಾಲ್‌ಗೆ (50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೋ ಪದ್ಧತಿ) ಬದಲಿಸಿ, ಸೆಕೆಂಡಿಗೆ 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟುಕೊಳ್ಳಿ.

ಹಂತ 5: ಧೀಂಗಿಣವನ್ನು 1/100ರಲ್ಲಿ ಹಿಡಿಯುವುದು ಹೇಗೆ?

ಕಷ್ಟ ಇರುವುದು ಇಲ್ಲೇ. ತೆಂಕುತಿಟ್ಟಿನ ಪುಂಡುವೇಷ ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾರುವಾಗ 1/100 ಸಾಲದು, ಕೈಕಾಲು ಮಸುಕಾಗುತ್ತದೆ. 1/500 ಇಟ್ಟರೆ ಪಟ್ಟಿ. ಎರಡೂ ಬೇಡವೆಂದಾದರೆ ದಾರಿ ಮೂರು.

ಮೊದಲನೆಯದು ಆಂಟಿ-ಫ್ಲಿಕರ್. ಕ್ಯಾಮರಾ ದೀಪದ ಮಿನುಗನ್ನು ಅಳೆದು, ಬೆಳಕು ತುದಿಗೇರಿದ ಗಳಿಗೆಗೇ ಶಟರ್ ಬೀಳುವಂತೆ ಹೊಂದಿಸುವ ಸೌಲಭ್ಯ ಇದು. ಕ್ಯಾನನ್ ಇದನ್ನು 2014ರ 7ಡಿ ಮಾರ್ಕ್ 2ರಲ್ಲಿ ತಂದಿತು. ಈಗ ಕ್ಯಾನನ್, ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳ ಅನೇಕ ಮಾದರಿಗಳಲ್ಲಿದೆ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಅಥವಾ ಫ್ಲಿಕರ್ ರಿಡಕ್ಷನ್ ಎಂಬ ಹೆಸರು ಹುಡುಕಿ. ನಿಕಾನ್‌ನವರು ಜಾಗ್ರತೆ: ಫೋಟೋಗೆ ಬೇರೆ, ವಿಡಿಯೋಗೆ ಬೇರೆ ಆಯ್ಕೆ ಇರುತ್ತದೆ, ವಿಡಿಯೋದ್ದನ್ನು ಒತ್ತಿ ಫೋಟೋ ಸರಿಯಾಗಲಿಲ್ಲವೆಂದು ಬೇಸರಪಡಬೇಡಿ. ಹೆಚ್ಚಿನ ಕ್ಯಾಮರಾಗಳಲ್ಲಿ ಇದು ಯಾಂತ್ರಿಕ ಶಟರ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಬೆಳಕಿಗಾಗಿ ಕಾಯುವುದರಿಂದ ಗುಂಡಿ ಒತ್ತಿದ ಮೇಲೆ ಕಣ್ಣೆವೆ ಮಿಟುಕುವಷ್ಟು ತಡವಾಗುತ್ತದೆ, ಸಾಲು ಫೋಟೋಗಳ ವೇಗವೂ ತಗ್ಗುತ್ತದೆ. 100 ಹರ್ಟ್ಸ್‌ನ ಮಿನುಗಿಗೆ ಇದು ಒಳ್ಳೆಯ ಮದ್ದು. ಸಾವಿರಾರು ಹರ್ಟ್ಸ್‌ನ ರಂಗದೀಪಕ್ಕೆ ಸಾಲದು. ಅದಕ್ಕೆ ಶಟರನ್ನು ಅತಿ ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಸೌಲಭ್ಯ ಬೇಕು. 2021ರ ಸೋನಿ ಎ1, ಕ್ಯಾನನ್ ಆರ್3ರಂಥ ದುಬಾರಿ ಕ್ಯಾಮರಾಗಳಲ್ಲಿ ಅದಿದೆ.

ಎರಡನೆಯದು ಕಲೆಯ ದಾರಿ. ಧೀಂಗಿಣದ ತುದಿಯಲ್ಲಿ ಮೇಲೇರಿದ ದೇಹ ಇಳಿಯುವ ಮುನ್ನ, ಮುಕ್ತಾಯದಲ್ಲಿ ಚೆಂಡೆಯ ಪೆಟ್ಟಿಗೆ ವೇಷ ನಿಲ್ಲುವಾಗ, ಬಣ್ಣದ ವೇಷ ಅಬ್ಬರ ಕೊಟ್ಟು ತೆರೆ ಸರಿಸುವಾಗ ಚಲನೆ ಒಂದು ಕ್ಷಣ ತಗ್ಗುತ್ತದೆ. ಆ ಕ್ಷಣಕ್ಕೆ 1/100 ಸಾಕು. ಭಾಗವತರ ತಾಳ ಕೇಳಿಸಿಕೊಳ್ಳುತ್ತ ಗುಂಡಿ ಒತ್ತುವವರಿಗೆ ಇದು ಸಿಗುತ್ತದೆ, ಪರದೆ ಮಾತ್ರ ನೋಡುವವರಿಗೆ ತಪ್ಪುತ್ತದೆ. ಹೊಸ ಕ್ಯಾಮರಾ ಕೊಳ್ಳುವ ಮೊದಲು ಇದನ್ನು ಅಭ್ಯಾಸ ಮಾಡಿ ಎಂಬುದು ನನ್ನ ಬಲವಾದ ಸಲಹೆ.

ಮೂರನೆಯದು ಬೆಳಕಿನವರನ್ನು ಕೇಳುವುದು. ಬಣ್ಣದ ಎಲ್‌ಇಡಿಯನ್ನು ತಗ್ಗಿಸಿ ಉರಿಸಿದಾಗಲೇ ಆರಿ-ಹೊತ್ತುವ ಆಟ ಜೋರು. ಪೂರ್ತಿ ಬೆಳಕಿಗೆ ಇಟ್ಟರೆ ಸಾಮಾನ್ಯವಾಗಿ ಪಟ್ಟಿ ತಗ್ಗುತ್ತದೆ. ಎದುರಿನಿಂದ ಎರಡು ಹ್ಯಾಲೊಜೆನ್ ಹಾಕಲು ಒಪ್ಪಿದರೆ ಮುಖದ ಮೇಲಿನ ಪಟ್ಟಿ ಬಹಳಷ್ಟು ಮಾಸುತ್ತದೆ. ಆಟ ನಡೆಯುವಾಗ ಕೇಳಬೇಡಿ, ಚೌಕಿಪೂಜೆಗೆ ಮುಂಚೆಯೇ ಹೋಗಿ ಮಾತಾಡಿ.

ಮದುವೆ ಆಡಿಟೋರಿಯಂಗಳಲ್ಲಿ ವೇದಿಕೆಯ ಹಿಂದೆ ಎಲ್‌ಇಡಿ ಗೋಡೆ ಇರುತ್ತದೆ. ಅದರ ಪಟ್ಟಿಗೂ 1/50 ಅಥವಾ 1/60 ಇಟ್ಟು ಯಾವುದರಲ್ಲಿ ಪಟ್ಟಿ ಮಾಸುತ್ತದೆಂದು ನೋಡಿಕೊಳ್ಳಿ. ವಧೂವರರನ್ನು ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ನಿಲ್ಲಿಸಿದರೆ ಹಿಂದಿನ ಗೋಡೆ ಮಸುಕಾಗಿ ಉಳಿದ ಗೆರೆಗಳೂ ಕಾಣಿಸುವುದಿಲ್ಲ.

ಹಂತ 6: ಫ್ಲಾಶ್ ಹಾಕಿದಾಗ ಬರುವ ಪಟ್ಟಿ

ಪ್ರತಿ ಕ್ಯಾಮರಾಕ್ಕೂ ಒಂದು ಸಿಂಕ್ ವೇಗ ಇರುತ್ತದೆ. ಸೆನ್ಸರ್ ಪೂರ್ತಿ ತೆರೆದಿರುವ ಅತಿ ವೇಗದ ಶಟರ್ ಅದು, ಸಾಮಾನ್ಯವಾಗಿ 1/160ರಿಂದ 1/250. ಅದನ್ನು ಮೀರಿದರೆ ಶಟರಿನ ಎರಡು ಪರದೆಗಳಲ್ಲಿ ತೆರೆಯುವ ಮೊದಲನೆಯದು ಪೂರ್ತಿ ಸರಿಯುವಷ್ಟರಲ್ಲಿ ಎರಡನೆಯದು ಮುಚ್ಚತೊಡಗಿರುತ್ತದೆ. ಫ್ಲಾಶ್ ಹೊತ್ತಿದರೂ ಆ ಭಾಗಕ್ಕೆ ಬೆಳಕಿಲ್ಲ. ಕ್ಯಾಮರಾ ಅಡ್ಡ ಹಿಡಿದರೆ ಕರಿ ಪಟ್ಟಿ ಸಾಮಾನ್ಯವಾಗಿ ಫೋಟೋದ ಕೆಳಭಾಗದಲ್ಲಿ, ಉದ್ದಕ್ಕೆ ಹಿಡಿದರೆ ಒಂದು ಪಕ್ಕದಲ್ಲಿ ಬರುತ್ತದೆ. ಅಂಚು ಸಾಕಷ್ಟು ಸ್ಪಷ್ಟ.

1/160ಕ್ಕೆ ಇಳಿಸಿ ನೋಡಿ. ಅಗ್ಗದ ರೇಡಿಯೋ ಟ್ರಿಗರ್ (ಫ್ಲಾಶನ್ನು ದೂರದಿಂದ ಹೊತ್ತಿಸುವ ಸಾಧನ) ಇದ್ದರೆ ಅದರ ತಡವೂ ಸೇರುವುದರಿಂದ 1/125ಕ್ಕೆ ಇಳಿಸಬೇಕಾದೀತು. ವೇಗ ಬೇಕೇ ಬೇಕೆಂದರೆ ಫ್ಲಾಶ್‌ನಲ್ಲಿ ಹೈ-ಸ್ಪೀಡ್ ಸಿಂಕ್ (ಶಟರ್ ಸರಿಯುವಷ್ಟೂ ಹೊತ್ತು ಫ್ಲಾಶ್ ಮಿಡಿಯುತ್ತಿರುವ ವಿಧಾನ) ಹಾಕಿ, ಆದರೆ ಫ್ಲಾಶ್‌ನ ಬಲ ಗಣನೀಯವಾಗಿ ಕುಗ್ಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ತೆಗೆದು ಯಾಂತ್ರಿಕಕ್ಕೆ ಬನ್ನಿ. ಕ್ಯಾಮರಾದಿಂದಲೇ ಏಳುವ ಪುಟ್ಟ ಫ್ಲಾಶ್ ಬಳಸುವಾಗ ಕೆಳಗೆ ಅರೆಚಂದ್ರದಂಥ ನೆರಳು ಬಿದ್ದರೆ ಅದು ಲೆನ್ಸ್ ಹುಡ್‌ನದ್ದು, ಹುಡ್ ತೆಗೆದರೆ ಮುಗಿಯಿತು.

ಕೋಲ, ತೆಯ್ಯಂ, ದೇವಸ್ಥಾನದ ಒಳಾಂಗಣಗಳಲ್ಲಿ ಫ್ಲಾಶ್ ಹಾಕುವ ಮೊದಲು ಅಲ್ಲಿನ ಹಿರಿಯರನ್ನು ಕೇಳಲೇಬೇಕು. ಒಪ್ಪಿಗೆ ಇಲ್ಲದಿದ್ದರೆ ಹಾಕಬೇಡಿ.

ಹಂತ 7: ಆಕಾಶದ ಪಟ್ಟಿ ಮತ್ತು ಕತ್ತಲೆಯ ಗೆರೆ

ಬೇಕಲ ಕೋಟೆಯ ಬುರುಜಿನಿಂದ ಬೆಳಗ್ಗೆ ಅಥವಾ ಸಂಜೆ ಕಡಲತೀರದ ಉದ್ದಕ್ಕೆ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ಮುಖಮಾಡಿ ಅಗಲದ ಲೆನ್ಸ್‌ನಲ್ಲಿ ತೆಗೆದ ಫೋಟೋದಲ್ಲಿ ಆಕಾಶದ ನಡುವೆ ಮಾತ್ರ ಗಾಢ ನೀಲಿಯ ಪಟ್ಟಿ ಮೇಲಕ್ಕೆದ್ದಿದ್ದರೆ ಅದು ಪೋಲರೈಸರ್ ಫಿಲ್ಟರ್‌ನ ಕೆಲಸ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶವನ್ನು ಅದು ಹೆಚ್ಚು ಕಪ್ಪಾಗಿಸುತ್ತದೆ, ಅಗಲದ ಲೆನ್ಸ್ ಆ ಭಾಗವನ್ನೂ ಅಕ್ಕಪಕ್ಕದ್ದನ್ನೂ ಒಟ್ಟಿಗೆ ತೋರಿಸುತ್ತದೆ. ಫುಲ್-ಫ್ರೇಮ್‌ನಲ್ಲಿ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) 28 ಎಂಎಂಗಿಂತ ಕಡಿಮೆ ಅಂಕಿಯ, ಸಣ್ಣ ಸೆನ್ಸರ್‌ನಲ್ಲಿ 18 ಎಂಎಂಗಿಂತ ಕಡಿಮೆ ಅಂಕಿಯ ಅಗಲದ ಲೆನ್ಸ್ ಬಳಸುವಾಗ ಪೋಲರೈಸರ್ ತೆಗೆದಿಡಿ.

ಕತ್ತಲೆಯ ಭಾಗದ ಸಣ್ಣ ಗೆರೆಗಳು ಬೇರೆ. ಮೂರು ನಾಲ್ಕು ಸ್ಟಾಪ್ ಕಡಿಮೆ ಬೆಳಕಿನಲ್ಲಿ ತೆಗೆದು ಆಮೇಲೆ ಎತ್ತಿದರೆ ಸೆನ್ಸರ್‌ನ ಸರ್ಕ್ಯೂಟಿನ ಗದ್ದಲ ಗೆರೆಯಾಗಿ ಕಾಣುತ್ತದೆ. ಐಎಸ್‌ಒ ಏರಿಸಲು ಹೆದರಿ ಕಪ್ಪಗೆ ತೆಗೆಯುವುದಕ್ಕಿಂತ ಐಎಸ್‌ಒ ಏರಿಸಿ ಸರಿಯಾಗಿ ತೆಗೆಯುವುದು ಲೇಸು. ರಾ ಫೈಲ್‌ನಲ್ಲಿ (ಕ್ಯಾಮರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ.

ಈಗಾಗಲೇ ಹಾಳಾದ ಫೋಟೋಗಳ ಬಗ್ಗೆ: ಒಂದೇ ಒಂದು ಮಸುಕು ಪಟ್ಟಿ ಇದ್ದರೆ ಎಡಿಟಿಂಗ್‌ನಲ್ಲಿ ಗ್ರೇಡಿಯಂಟ್ ಮಾಸ್ಕ್ (ಪರಿಣಾಮ ಅಂಚಿನಲ್ಲಿ ಮೆಲ್ಲನೆ ಕರಗುವ ಆಯ್ಕೆ) ಹಾಕಿ ಆ ಭಾಗದ ಬೆಳಕು ಏರಿಸಿ, ಬಣ್ಣದ ತಾಪಮಾನ ಸರಿಹೊಂದಿಸಿ. ಪಟ್ಟಿ ಹಳದಿ ಬಣ್ಣದ್ದಾಗಿದ್ದರೆ ಕಪ್ಪುಬಿಳುಪು ಮಾಡಿದಾಗ ಕನಿಷ್ಠ ಬಣ್ಣದ ಕಾಟ ಹೋಗುತ್ತದೆ. ಐದಾರು ಪಟ್ಟಿಗಳಿದ್ದರೆ ಆ ಶ್ರಮಕ್ಕೆ ಫಲ ಕಡಿಮೆ.

ಹಂತ 8: ಶಟರ್ ನಿಜಕ್ಕೂ ಕೆಟ್ಟಿದ್ದರೆ

ಹಗಲಿನ ಪರೀಕ್ಷೆಯಲ್ಲಿ ಯಾಂತ್ರಿಕ ಶಟರ್ ತಪ್ಪಿತಸ್ಥ ಎಂದು ಕಂಡರೂ ಇನ್ನೊಂದು ಸಂಗತಿ ನೋಡಿ. 'ಎಲೆಕ್ಟ್ರಾನಿಕ್ ಮೊದಲ ಪರದೆ' (ತೆರೆಯುವ ಪರದೆಯ ಕೆಲಸವನ್ನು ಸೆನ್ಸರೇ ಮಾಡುವುದು) ಎಂಬ ಆಯ್ಕೆ ಚಾಲೂ ಇದ್ದು ಎಫ್ 1.4, 1.8ರಂಥ ದೊಡ್ಡ ಅಪರ್ಚರ್‌ನಲ್ಲಿ 1/2000 ಮೀರಿದರೆ ಸರಿಯಿರುವ ಕ್ಯಾಮರಾದಲ್ಲೂ ಬೆಳಕು ಅಸಮವಾಗುವುದುಂಟು. ಅದನ್ನು ಬಂದ್ ಮಾಡಿ ಮತ್ತೆ ತೆಗೆಯಿರಿ. ಪಟ್ಟಿ ಹೋದರೆ ರಿಪೇರಿ ಬೇಡ.

ಹೋಗದಿದ್ದರೆ ಪರದೆಗಳ ವೇಗ ಹೊಂದುತ್ತಿಲ್ಲ ಎಂದರ್ಥ. ಸವೆತ, ಜಿಡ್ಡು, ನಮ್ಮ ಕರಾವಳಿಯ ತೇವ ಮತ್ತು ಉಪ್ಪುಗಾಳಿ ಇದಕ್ಕೆ ಕಾರಣವಾಗಬಹುದು. ಶಟರಿನ ಹಲಗೆಗಳು ಬಹಳ ತೆಳು. ಬೆರಳು, ಹತ್ತಿ, ಎಣ್ಣೆ, ಪಂಪಿನ ಗಾಳಿ ಯಾವುದನ್ನೂ ಅಲ್ಲಿಗೆ ತಾಗಿಸಬೇಡಿ, ಒಂದು ಹಲಗೆ ಬಾಗಿದರೆ ಇಡೀ ಶಟರ್ ಘಟಕ ಬದಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹಗಲಿನ ಕೆಲಸ ಸಾಗಿಸಬಹುದು.

ಮಳೆಗಾಲದಲ್ಲಿ ಕ್ಯಾಮರಾವನ್ನು ಬಟ್ಟೆಯ ಕಪಾಟಿನಲ್ಲೋ ಚರ್ಮದ ಚೀಲದಲ್ಲೋ ಇಡಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗೆ ಪುಟ್ಟ ತೇವಮಾಪಕ ಇಟ್ಟು 40ರಿಂದ 50 ಶೇಕಡದ ನಡುವೆ ಕಾಯ್ದುಕೊಳ್ಳಿ. ಜೆಲ್ ಬಣ್ಣ ಬದಲಿಸಿದರೆ ಕಾಯಿಸಿ ಒಣಗಿಸಿ ಮತ್ತೆ ಹಾಕಿ.

ಸರ್ವಿಸ್ ಸೆಂಟರಿಗೆ ಒಯ್ಯುವಾಗ "ಪಟ್ಟಿ ಬರುತ್ತದೆ" ಎಂದಷ್ಟೇ ಹೇಳಬೇಡಿ. ಹಗಲಿನ ಪರೀಕ್ಷೆಯ ಮೂಲ ಫೈಲ್‌ಗಳನ್ನು, ಎಡಿಟ್ ಮಾಡದೆ, ಪೆನ್‌ಡ್ರೈವಿನಲ್ಲಿ ಹಾಕಿ ಕೊಡಿ. ಯಾವ ವೇಗದಿಂದ ಪಟ್ಟಿ ಶುರುವಾಗುತ್ತದೆ, ಯಾವ ಅಂಚಿನಲ್ಲಿ, ಐದರಲ್ಲಿ ಎಷ್ಟು ಫೋಟೋಗಳಲ್ಲಿ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬರುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಲಗತ್ತಿಸಿ. ಶಟರ್ ಘಟಕ ಬದಲಿಸಬೇಕೆಂದರೆ ಕೆಲಸ ಶುರುಮಾಡುವ ಮೊದಲೇ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ, ಹಳೆಯ ಘಟಕವನ್ನು ಹಿಂದಿರುಗಿಸಲು ಹೇಳಿ. ಕ್ಯಾಮರಾ ಮರಳಿ ಬಂದ ದಿನವೇ, ಕೌಂಟರ್ ಬಿಡುವ ಮುನ್ನ, 1/4000ರಲ್ಲಿ ಹೊರಗಿನ ಬೆಳಕಿಗೆ ಹತ್ತು ಫೋಟೋ ತೆಗೆದು ನೋಡಿ.